ಆಸ್ಪತ್ರೆಯ ಲೆಕ್ಕಪುಸ್ತಕವೂ ಔಷಧತಜ್ಞೆಯೂ

ನಮ್ಮ ಶಾಲೆಯಿಂದ ಹೊರಟು ವೈದ್ಯೆಯರೂ ದಾದಿಯರೂ ಆದವರ ಕೆಲಸವೇನೆಂಬುದನ್ನು ತಂದೆತಾಯಂದಿರು ಬಲ್ಲರು. ಫಾರ್ಮ್.ಡಿ. ಓದಿದವರ ವಿಷಯ ಹಾಗಲ್ಲ. ಈ ಆರು ವರ್ಷಗಳ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ನಿಯಮಗಳಾದುದು 2008ರಲ್ಲಿ. ಇಷ್ಟು ಕಲಿತು ಕೆಲಸ ಕೇಳಹೋದವಳನ್ನು, “ಔಷಧ ಕೊಡಲು ಕಿಟಕಿಯಲ್ಲಿ ಜನರಿರುವಾಗ ನಿಮಗೇಕೆ ಬೇರೆ ಸಂಬಳ?” ಎಂದು ಆಡಳಿತದವರು ಕೇಳುವುದುಂಟು. ಈ ಪ್ರಶ್ನೆ ಅನ್ಯಾಯವಾದುದೆಂದು ನಾವು ಹೇಳಲಾರೆವು. ಸಂಬಳವು ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ತಪ್ಪಿಹೋದ ಹಾನಿ ಕಾಣುವುದಿಲ್ಲ.

ಕ್ಲಿನಿಕಲ್ ಫಾರ್ಮಸಿಯೆಂದರೆ ರೋಗಿಯ ಮಂಚದ ಬಳಿಯ ಕೆಲಸ. ವೈದ್ಯರು ಬರೆದುದನ್ನು ರೋಗಿಯ ವಯಸ್ಸು, ತೂಕ, ಮೂತ್ರಪಿಂಡಗಳ ಸ್ಥಿತಿ, ಮನೆಯಿಂದ ತಂದ ಗುಳಿಗೆಗಳು ಇವುಗಳೊಡನೆ ತಾಳೆನೋಡಬೇಕು. ವಾರ್ಫರಿನ್ ಸೇವಿಸುವವರಿಗೆ ನೋವಿಗಾಗಿ ಐಬುಪ್ರೊಫೆನ್ ಬರೆದಿದ್ದರೆ ರಕ್ತಸ್ರಾವದ ಭಯವನ್ನು ಮೊದಲೇ ತಿಳಿಸಬೇಕು.

ಇದರ ಬೆಲೆಯನ್ನು ಅಳೆದವರುಂಟು. ಅಮೆರಿಕದ ಬಾಸ್ಟನ್ ನಗರದ ಎರಡು ಆಸ್ಪತ್ರೆಗಳನ್ನು ಕುರಿತು 1997ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ತಡೆಯಬಹುದಾಗಿದ್ದ ಔಷಧಹಾನಿಗೆ ಗುರಿಯಾದ ರೋಗಿಯು ಸರಾಸರಿ 4.6 ದಿನ ಹೆಚ್ಚಾಗಿ ಆಸ್ಪತ್ರೆಯಲ್ಲಿರಬೇಕಾಯಿತು. ಅದೇ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತೀವ್ರನಿಗಾ ವಿಭಾಗವೊಂದರಲ್ಲಿ ಔಷಧತಜ್ಞರೊಬ್ಬರು ವೈದ್ಯರ ಸುತ್ತಿಗೆ ಜತೆಗೂಡಿದಾಗ, ಔಷಧ ಬರೆಯುವಲ್ಲಿನ ತಪ್ಪಿನಿಂದಾಗುವ ಹಾನಿಯು 1000 ರೋಗಿದಿನಗಳಿಗೆ 10.4ರಿಂದ 3.5ಕ್ಕೆ ಇಳಿಯಿತೆಂದು 1999ರಲ್ಲಿ ವರದಿಯಾಯಿತು. ಅವರಿತ್ತ 366 ಸಲಹೆಗಳಲ್ಲಿ 362ನ್ನು ವೈದ್ಯರು ಒಪ್ಪಿದರು. ಪಾಠ ಹೇಳುವ ನಮಗೆ ಇಂಥ ಕೇಳುಗರು ದೊರೆಯುವುದು ಅಪೂರ್ವ!

ಆದರೆ ಬಾಸ್ಟನ್ನಿನ ಡಾಲರುಗಳನ್ನು ರೂಪಾಯಿಗೆ ತಿರುಗಿಸಿ ಮುಂದಿಟ್ಟರೆ ನಮ್ಮ ಆಡಳಿತದವರು ಒಪ್ಪಲಾರರು, ಒಪ್ಪಲೂ ಬಾರದು. ಕೆಲಸ ಕೇಳುವವಳು ಅದೇ ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಮೂರು ತಿಂಗಳು ತನ್ನ ಸಲಹೆಗಳನ್ನೆಲ್ಲ ಬರೆದಿಡಲಿ. ಬೇಡವಾದ ಔಷಧವನ್ನು ನಿಲ್ಲಿಸಿದುದರಿಂದ, ಚುಚ್ಚುಮದ್ದಿಗೆ ಬದಲಾಗಿ ಗುಳಿಗೆ ಕೊಟ್ಟುದರಿಂದ ಉಳಿದ ಹಣ ಒಂದು ಪಟ್ಟಿಯಲ್ಲಿರಲಿ. ತಪ್ಪಿದ ಹಾನಿಯ ಬೆಲೆ ಬರಿಯ ಅಂದಾಜಾದುದರಿಂದ ಬೇರೊಂದು ಪಟ್ಟಿಯಲ್ಲಿರಲಿ, ಎರಡನ್ನೂ ಕೂಡಿಸಬಾರದು. ಉಳಿತಾಯ ಯಾರದೆಂಬುದನ್ನೂ ಹೇಳಬೇಕು. ಔಷಧದ ಹಣವನ್ನು ರೋಗಿಯೇ ತೆರುವ ಕಡೆ ಉಳಿತಾಯವೂ ಅವನದೇ, ಆಸ್ಪತ್ರೆಯ ಬೊಕ್ಕಸದ್ದಲ್ಲ. ಅಲ್ಲಿ ಆಸ್ಪತ್ರೆಗೆ ಲಾಭವೆಂದರೆ ಬೇಗ ತೆರವಾಗುವ ಮಂಚ. ಅದೂ ಮತ್ತೊಬ್ಬ ರೋಗಿ ಕಾದಿದ್ದರೆ ಮಾತ್ರ.

ಮೊದಲ ಅರ್ಜಿಯಲ್ಲಿಯೇ ದೊಡ್ಡ ವಿಭಾಗವನ್ನು ಕೇಳುವುದು ನಮಗೆ ಸರಿಕಾಣದು. ಬಾಸ್ಟನ್ನಿನ ಆ ತಜ್ಞರು ಸಹ ಬೆಳಗಿನ ಹೊತ್ತು ಮಾತ್ರ ವಿಭಾಗದಲ್ಲಿದ್ದು, ಉಳಿದ ಹೊತ್ತು ಕರೆದಾಗ ಬರುತ್ತಿದ್ದರು.