ಮಹದಾಯಿ ಹೆಸರಿನ ದೋಣಿಯಲ್ಲಿ ನೀರಿನ ಲೆಕ್ಕ

ಹುಬ್ಬಳ್ಳಿಯಲ್ಲಿ ಮಹದಾಯಿ ಅಂದರೆ ಚಳವಳಿ, ಬಂದ್, ಕಳಸಾ-ಬಂಡೂರಿ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ, ಗೋವಾಕ್ಕಿಳಿದು ಮಾಂಡೋವಿಯಾಗುವ ಈ ನದಿಯ ಹೆಸರನ್ನು ನೌಕಾಪಡೆ ಒಂದು ಹಾಯಿದೋಣಿಗೂ ಇಟ್ಟಿದೆ. 56 ಅಡಿಯ ಆ ‘ಮ್ಹಾದೇಯಿ’ ತಯಾರಾದದ್ದು ಗೋವಾದಲ್ಲೇ. 2010ರಲ್ಲಿ ದಿಲೀಪ್ ದೋಂದೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012ರ ನವೆಂಬರ್ 1ರಂದು ಮುಂಬೈ ಬಿಟ್ಟ ಅಭಿಲಾಷ್ ಟಾಮಿ ಎಲ್ಲಿಯೂ ತಂಗದೆ ಐದು ತಿಂಗಳಲ್ಲಿ ಮರಳಿದರು.

ಸಾಹಸದ ವರ್ಣನೆ ಬೇಕಾದಷ್ಟು ಬಂದಿದೆ. ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಸಂಸಾರ ಮಾಡಿದ ನನಗೆ ಹತ್ತಿದ್ದು ಬೇರೆಯೇ ಚಿಂತೆ: ಅಷ್ಟು ದಿನ ಅಲ್ಲಿ ನೀರಿಗೇನು ಮಾಡುತ್ತಾರೆ?

ದೋಣಿಯ ಟ್ಯಾಂಕಿನ ಸಿಹಿನೀರು ಕುಡಿಯಲಿಕ್ಕೆ, ಅಡುಗೆಗೆ. ಪಾತ್ರೆ, ಬಟ್ಟೆ, ಮೈ ಎಲ್ಲಕ್ಕೂ ಮೊದಲು ಸಮುದ್ರದ ನೀರು. ಕೊನೆಗೆ ಒಂದೆರಡು ತಂಬಿಗೆ ಸಿಹಿನೀರು ಸುರುವಿಕೊಂಡರೆ ಅದೇ ಸ್ನಾನ. ಉಪ್ಪುನೀರಿನಲ್ಲಿ ಮಾಮೂಲಿ ಸಾಬೂನು ನೊರೆ ಬರುವುದಿಲ್ಲ. ಉಪ್ಪು ಹಿಡಿದ ಬಟ್ಟೆ ಗಾಳಿಯ ತೇವವನ್ನೇ ಹೀರುವುದರಿಂದ ಎಷ್ಟು ಹರವಿದರೂ ಒಣಗಿದಂತಾಗುವುದಿಲ್ಲ. ಸಮುದ್ರದ ನೀರನ್ನು ಭಾರೀ ಒತ್ತಡದಲ್ಲಿ ಪೊರೆಯ ಮೂಲಕ ಹಾಯಿಸಿ ಸಿಹಿ ಮಾಡುವ ಯಂತ್ರಗಳಿವೆ, ಖರೆ. ಅದಕ್ಕೆ ಕರೆಂಟು ಬೇಕು. ಬಿಸಿಲು ಸಾಲದಾದಾಗ ಕರೆಂಟಿಗೆ ಡೀಸೆಲ್ ಬೇಕು. ಟಾಮಿಯವರ ದೋಣಿಯಲ್ಲಂತೂ ಡೀಸೆಲ್ಲೇ ಕುಡಿಯುವ ನೀರಿಗೆ ಬೆರೆತು, ಕೊನೆಯ ದಾರಿಯನ್ನು ಮಳೆನೀರು ಹಿಡಿದು ಸಾಗಿಸಬೇಕಾಯಿತು. ಮನೆಯಲ್ಲಿ ಬ್ಯಾರಲ್ ತಳ ಕಂಡರೆ ಟ್ಯಾಂಕರಿಗೆ ಫೋನ್ ಮಾಡುತ್ತೇವೆ. ದೋಣಿಯವರು ಮೋಡ ನೋಡಬೇಕು.

ಅಡುಗೆಮನೆಯ ಒಲೆ ಎರಡು ಕೀಲುಗಳ ಮೇಲೆ ತೂಗುತ್ತದೆ. ದೋಣಿ ವಾಲಿದರೂ ಒಲೆ ಮಟ್ಟವಾಗಿಯೇ ಇರುತ್ತದೆ. ವಾಲುವುದು ಅಡುಗೆ ಮಾಡುವವರು. ಅದಕ್ಕೆ ಸೊಂಟಕ್ಕೊಂದು ಪಟ್ಟಿ ಕಟ್ಟಿಕೊಂಡು ನಿಲ್ಲುವುದುಂಟು. ಮುಚ್ಚಳ ಬಿಗಿಯುವ ಕುಕ್ಕರಿನಷ್ಟು ನಂಬಿಗಸ್ತ ಪಾತ್ರೆ ಅಲ್ಲಿ ಮತ್ತೊಂದಿಲ್ಲ. ಸೊಪ್ಪು ಮೊದಲು ಮುಗಿಯುತ್ತದೆ, ಉಳ್ಳಾಗಡ್ಡಿ, ಬಟಾಟೆ ತಡೆಯುತ್ತವೆ. ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಡಬ್ಬಿಯಲ್ಲಿ ಗಾಳಿಯಾಡದಂತೆ ಕಟ್ಟಿ ಕಳಿಸಿದರೆ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ದಾಟಿಯೂ ಬಾಳುತ್ತವೆ ಎಂಬುದು ನನ್ನ ಹಟ.

ಮಲಗುವ ಹಲಗೆಗೆ ಕ್ಯಾನ್ವಾಸಿನ ತಡೆ ಕಟ್ಟಿರುತ್ತಾರೆ, ಉರುಳಿ ಬೀಳದಂತೆ. ಪೂರ್ತಿ ರಾತ್ರಿಯ ನಿದ್ದೆ ಸಿಗುವುದಿಲ್ಲ. ಸರದಿಯ ಮೇಲೆ ಕಾವಲು. 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ನೌಕಾಪಡೆಯ ಇನ್ನೊಂದು ಹಾಯಿದೋಣಿ ‘ತಾರಿಣಿ’ಯಲ್ಲಿ ಭೂಮಿ ಸುತ್ತಲು ಹೊರಟ ವರ್ತಿಕಾ ಜೋಶಿಯವರ ತಂಡದಲ್ಲಿ ಆರು ಮಂದಿ ಹೆಣ್ಣುಮಕ್ಕಳಿದ್ದರು, 254 ದಿನಗಳ ಯಾತ್ರೆ ಅದು. 2024ರ ಅಕ್ಟೋಬರಿನಲ್ಲಿ ಅದೇ ದೋಣಿ ಹತ್ತಿದ ನೌಕಾಪಡೆಯ ದಿಲ್ನಾ, ರೂಪಾ ಇಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರ. ಒಂದೇ ದೋಣಿಯಲ್ಲಿದ್ದೂ ಸಾವಕಾಶ ಕೂತು ಮಾತಾಡಲು ಎಷ್ಟು ಹೊತ್ತು ಸಿಕ್ಕೀತೋ!

ಬಿಡುವು ಇಲ್ಲವೆಂದಲ್ಲ. ಭೂಮಧ್ಯರೇಖೆಯ ಹತ್ತಿರ ಗಾಳಿ ಬಿದ್ದುಹೋದರೆ ಹಾಯಿ ಸುಮ್ಮನೆ ಪಟಪಟ ಬಡಿಯುತ್ತದೆ, ದೋಣಿ ಕದಲುವುದಿಲ್ಲ. ಆಗ ಹರಿದ ಹಾಯಿ ಹೊಲಿಯಬೇಕು, ಪುಸ್ತಕ ಓದಬೇಕು, ಹಾಡು ಕೇಳಬೇಕು. ಟಾಮಿ 2023ರಲ್ಲಿ ಎರಡನೆಯ ಸ್ಥಾನ ಪಡೆದ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ 1968ರ ಕಾಲದ ಸಲಕರಣೆಗಳದ್ದೇ ನಿಯಮ. ಜಿಪಿಎಸ್ ನೋಡಿ ದಾರಿ ಹಿಡಿಯುವಂತಿಲ್ಲ, ಹಾಡಿಗೂ ಕ್ಯಾಸೆಟ್ಟೇ ಗತಿ. ನಮ್ಮ ಅಟ್ಟದ ಮೇಲೆ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರ ಕ್ಯಾಸೆಟ್ಟುಗಳು ಒಂದು ಡಬ್ಬಿಯಷ್ಟಿವೆ. ಮುಂದಿನ ಪಂದ್ಯಕ್ಕೆ ಧಾರವಾಡದ ಕಡೆಯವರು ಯಾರಾದರೂ ಹೊರಟರೆ, ರೊಟ್ಟಿಯ ಜೊತೆ ಅವನ್ನೂ ಕಟ್ಟಿಕೊಡುತ್ತೇನೆ.