ಹಬ್ಬದ ಮನೆಯಲ್ಲಿ ಎಣಿಕೆಯ ಆಟ

ನಮ್ಮ ಮನೆಯ ನಾಲ್ಕು ವರುಷದ ಮೊಮ್ಮಗನು ಒಂದರಿಂದ ನೂರರವರೆಗೆ ತಡೆಯಿಲ್ಲದೆ ಒಪ್ಪಿಸುತ್ತಿದ್ದನು. ಬಂದವರೆಲ್ಲ ತಲೆದೂಗುತ್ತಿದ್ದರು, ನಾವೂ ಹಿಗ್ಗಿದ್ದೆವು. ಸಂಕ್ರಾಂತಿಯ ಹಿಂದಿನ ದಿನ ಅವನ ಅಜ್ಜಿ, “ಐದು ಕಬ್ಬಿನ ಹೋಳು ಈ ತಟ್ಟೆಗೆ ಹಾಕಪ್ಪಾ” ಎಂದಾಗ ಹಿಡಿ ತುಂಬ ತಂದು ಸುರಿದನು. ಎಣಿಸೆಂದರೆ ಒಂದು ಹೋಳನ್ನು ಎರಡು ಸಲ ಮುಟ್ಟಿದನು, ಇನ್ನೊಂದನ್ನು ಬಿಟ್ಟನು. ಬೆರಳು ಎಂಟನೆಯ ಹೋಳಿನಲ್ಲಿರುವಾಗ ಬಾಯಿ ಹನ್ನೆರಡನ್ನು ದಾಟಿತ್ತು. ಅವನಿಗೆ ಬರುತ್ತಿದ್ದುದು ಎಣಿಕೆಯ ಹಾಡು ಮಾತ್ರವೆಂದು ಅಂದು ನಮಗೆ ತಿಳಿಯಿತು.

ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು. ಕಡೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ. ನಮಗೆ ಸಹಜವೆನಿಸುವ ಈ ಎರಡು ಮಾತುಗಳನ್ನು ಮಗುವು ಮುಟ್ಟಿ, ಸರಿಸಿ, ಹಂಚಿಯೇ ಕಲಿಯಬೇಕು. ಅದಕ್ಕೆ ಹಬ್ಬದ ಮನೆಗಿಂತ ಒಳ್ಳೆಯ ಶಾಲೆ ಬೇಡ.

ಎಳ್ಳು-ಬೆಲ್ಲವನ್ನೇ ನೋಡಿ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಎಂದು ಐದು ಬಟ್ಟಲು. ಒಂದೊಂದರಿಂದ ಒಂದೊಂದು ಚಮಚ ಹಾಕಿಸಿದರೆ ಐದು ಎಂಬುದು ಕೈಗೆ ಬರುತ್ತದೆ. ನಾಲ್ಕು ಮನೆಗೆ ನಾಲ್ಕು ಪೊಟ್ಟಣ, ಪೊಟ್ಟಣಕ್ಕೆ ಎರಡು ಕಬ್ಬಿನ ಹೋಳು ಎಂದರೆ ಗುಣಾಕಾರದ ಹೆಸರೆತ್ತದೆಯೇ ಗುಣಾಕಾರ ನಡೆಯುತ್ತದೆ. ಕೆಲವು ಮನೆಗಳಲ್ಲಿ ಅಂದು ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಹೋಳು, ಚಿಲ್ಲರೆ ನಾಣ್ಯಗಳನ್ನು ಎರೆಯುವ ವಾಡಿಕೆಯುಂಟು. ಚೆಲ್ಲಿದ್ದನ್ನು ಮಕ್ಕಳಿಂದಲೇ ಆಯಿಸಿ ಮೂರು ಗುಂಪು ಮಾಡಿಸಬೇಕು. ಯಾವುದು ಹೆಚ್ಚು, ಎಷ್ಟು ಹೆಚ್ಚು? ಜಗಳ ಬಂದರೂ ಬರಲಿ, ಲೆಕ್ಕದ ಜಗಳ ಒಳ್ಳೆಯದೇ.

ಇನ್ನೊಂದು ಪರೀಕ್ಷೆ. ಏಳು ಎಲಚಿಹಣ್ಣುಗಳನ್ನು ಒತ್ತಾಗಿ ಒಂದು ಸಾಲಿನಲ್ಲಿಯೂ ಏಳನ್ನು ಬಿಡಿಬಿಡಿಯಾಗಿ ಇನ್ನೊಂದರಲ್ಲಿಯೂ ಇಟ್ಟರೆ, ಉದ್ದನೆಯ ಸಾಲಿನಲ್ಲಿಯೇ ಹೆಚ್ಚೆಂದು ಚಿಕ್ಕ ಮಕ್ಕಳು ಸಾಮಾನ್ಯವಾಗಿ ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅವರು ಮಕ್ಕಳ ಸಂಖ್ಯಾಜ್ಞಾನವನ್ನು ಕುರಿತು 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಪ್ರಯೋಗಗಳನ್ನೇ ವಿವರಿಸಿದ್ದಾರೆ. ಅದು ದಡ್ಡತನವಲ್ಲ, ವಯಸ್ಸಿನ ಗುಣ. ಗದರಿಸಿದರೆ ಲೆಕ್ಕದ ಭಯವೊಂದೇ ಉಳಿದೀತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯೂ ಆಡಿ ಕಲಿಯುವ ದಾರಿಯನ್ನೇ ಹಿಡಿಯಿತು.

ಹಬ್ಬದ ಮಧ್ಯಾಹ್ನ ಊಟವಾದ ಮೇಲೆ ಅಟ್ಟದ ಮೇಲಿನ ಅಳಗುಳಿ ಮಣೆಯನ್ನು ಇಳಿಸಿರಿ. ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಹುಣಿಸೆಬೀಜ. ಒಂದು ಗುಳಿಯ ಐದನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುವಾಗ ಕೈಯೂ ಬಾಯಿಯೂ ಜೊತೆಗೂಡುತ್ತವೆ. ಗುಲಗಂಜಿ ಮಾತ್ರ ಬೇಡ, ಅದು ವಿಷ. ತೀರ ಎಳೆಯ ಕೂಸುಗಳಿಗೆ ಬೀಜವನ್ನೂ ಕಡಲೆಯನ್ನೂ ಕೊಡಲಾಗದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವಕ್ಕೆ ತಟ್ಟೆ-ಲೋಟಗಳ ಜೋಡಿ ಮಾಡುವ ಆಟವೇ ಸಾಕು. ಮುಂದೆ ಆರು ವರುಷದ ಹೊತ್ತಿಗೆ ಚೌಕಾಬಾರ ಕಲಿಸಬಹುದು.

ಹಬ್ಬದ ಸಂಜೆ ನಮ್ಮ ಹುಡುಗನು ಎಳ್ಳು ಬೀರಲು ಹೊರಟನು. ಎಲ್ಲರಿಗೂ ಎರಡೆರಡು ಹೋಳು ಕೊಟ್ಟವನು ಪಕ್ಕದ ಮನೆಯ ಹುಡುಗಿಗೆ ಒಂದೊಂದಾಗಿ ಆರನ್ನು ಎಣಿಸಿ ಇಟ್ಟನು. ಏಕೆಂದು ಕೇಳಿದೆವು.

“ಅವಳಿಗೆ ಆರು ವರ್ಷ ಅಲ್ವಾ, ಅಜ್ಜೀ?” ಎಂದು ಅಜ್ಜಿಯ ಕಡೆಗೆ ತಿರುಗಿದನು.