ಕೆರೆ ಏರಿಯ ಮೇಲೊಂದು ಮ್ಯೂಸಿಯಂ

ಮಕ್ಕಳೇ, ರಜೆ ಬಂದರೆ ಹಂಪಿ, ಬೇಲೂರು, ಮೈಸೂರು ಎಂದು ಹೊರಡುತ್ತೀರಿ. ಕೋಲಾರ ಎಂದರೆ ಚಿನ್ನದ ಗಣಿ, ಟೊಮೆಟೊ, ಮಾವಿನಹಣ್ಣು, ಇಷ್ಟೇ ನೆನಪಾಗುತ್ತದೆ. ಆದರೆ ಗಂಗರು ತಲಕಾಡಿಗೆ ಹೋಗುವ ಮೊದಲು ಆಳಿದ್ದು ಇಲ್ಲಿಂದಲೇ. ಆಗ ಊರಿನ ಹೆಸರು ಕುವಳಾಲ. ಆಮೇಲೆ ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಹೈದರಾಲಿ, ಎಲ್ಲರೂ ಇಲ್ಲಿ ಗುರುತು ಬಿಟ್ಟುಹೋಗಿದ್ದಾರೆ. ಆರನೇ ತರಗತಿಯ ಮೊಮ್ಮಗನನ್ನು ಕರೆದುಕೊಂಡು ಮೂರು ದಿನ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಸುತ್ತಿ ಬಂದೆ.

ನದಿ ಎಲ್ಲಿ ತಾತ?

ನಕ್ಷೆಯಲ್ಲಿ ಪಾಲಾರ್ ಎಂಬ ನೀಲಿ ಗೆರೆ ನೋಡಿದ ಹುಡುಗ ಈಜುವ ಚಡ್ಡಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದ. ಇಲ್ಲಿ ನೋಡಿದರೆ ಬರೀ ಮರಳು, ಜಾಲಿಗಿಡ. "ನದಿ ಎಲ್ಲಿ ತಾತ?" ಎಂದ.

ಪಾಲಾರ್ ನಂದಿ ಬೆಟ್ಟದ ಕಡೆ ಹುಟ್ಟಿ, 348 ಕಿ.ಮೀ. ಸಾಗಿ, ತಮಿಳುನಾಡಿನಲ್ಲಿ ಸಮುದ್ರ ಸೇರುತ್ತದೆ. ಅದರಲ್ಲಿ ನಮ್ಮ ರಾಜ್ಯದ ಪಾಲು 93 ಕಿ.ಮೀ. ಮಳೆ ಬಂದಾಗ ಮಾತ್ರ ಹರಿಯುವ ಹೊಳೆ ಅದು. ಅದಕ್ಕೇ ನಮ್ಮ ಹಿರಿಯರು ಮಳೆನೀರು ಹೊಳೆ ಸೇರುವ ಮೊದಲೇ ಕೆರೆ ಕಟ್ಟಿ ಹಿಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಮುಂದಿನದಕ್ಕೆ. "ಅಂದ್ರೆ ನದೀನ ತುಂಡು ತುಂಡು ಮಾಡಿ ಇಟ್ಟಿದ್ದಾರೆ!" ಎಂದ ಹುಡುಗ. ಈ ನಾಡಿನ ಹಳೆಯ ಜಾಗಗಳನ್ನು ನೋಡಲು ಇದೇ ಬೀಗದ ಕೈ.

ಕೋಲಾರದಲ್ಲಿ

ಊರಿನ ಪಕ್ಕದ ಶತಶೃಂಗ ಬೆಟ್ಟ ಹತ್ತಿದರೆ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಬೆಟ್ಟದ ಒಳಗೇ ನೀರು ಇಂಗಿ ಬರುವುದರಿಂದ ಆ ಹೆಸರು. ಕೋತಿಗಳಿವೆ, ಕೈಚೀಲ ಜೋಪಾನ.

ಕೆಳಗಿಳಿದು ಕೋಲಾರಮ್ಮನ ಗುಡಿಗೆ ಬಂದೆವು. ಚೋಳರ ಕಾಲದ ಈ ಗುಡಿಯ ಕಲ್ಲುಗಳ ಮೇಲೆ ತಮಿಳು ಶಾಸನಗಳಿವೆ. ಅಮ್ಮನವರನ್ನು ಕನ್ನಡಿಯಲ್ಲಿ ನೋಡುವುದು ಇಲ್ಲಿಯ ವಾಡಿಕೆ. ಒಳಗೆ ಚೇಳಮ್ಮನೂ ಇದ್ದಾಳೆ. ನೆಲದಲ್ಲೇ ಕೊರೆದ ಹುಂಡಿಗೆ ಕಾಸು ಹಾಕಿದರೆ ಚೇಳು ಕಚ್ಚುವುದಿಲ್ಲವೆಂದು ಜನರ ನಂಬಿಕೆ. ಹತ್ತಿರದಲ್ಲೇ ವಿಜಯನಗರ ಕಾಲದ ಸೋಮೇಶ್ವರ ದೇವಾಲಯ; ಅದರ ಕಲ್ಯಾಣ ಮಂಟಪದ ಕಂಬಗಳ ಮುಂದೆ ಸಾವಕಾಶವಾಗಿ ನಿಲ್ಲಿ. ಹೈದರಾಲಿಯ ತಂದೆ ಫತೇ ಮಹಮ್ಮದರ ಗೋರಿಯೂ ಇದೇ ಊರಿನಲ್ಲಿದೆ.

ಮೂಡಲ ಬಾಗಿಲು

ಮೂಡಣ ದಿಕ್ಕಿನ ಬಾಗಿಲು, ಅದೇ ಮುಳಬಾಗಿಲು. ವಿಜಯನಗರದ ರಾಜಕುಮಾರ ಕಂಪಣ ಈ ಸೀಮೆಯನ್ನು ಆಳಿ, ಮಧುರೆಯವರೆಗೂ ದಂಡೆತ್ತಿ ಹೋದ. ಆ ಕತೆಯನ್ನು ಸಂಸ್ಕೃತದಲ್ಲಿ 'ಮಧುರಾ ವಿಜಯಂ' ಎಂಬ ಕಾವ್ಯವಾಗಿ ಬರೆದವಳು ಅವನ ರಾಣಿ ಗಂಗಾದೇವಿ. 'ಮಂಕುತಿಮ್ಮನ ಕಗ್ಗ' ಬರೆದ ಡಿ.ವಿ.ಜಿ. 1887ರಲ್ಲಿ ಹುಟ್ಟಿದ್ದೂ ಮುಳಬಾಗಿಲಿನಲ್ಲೇ. ಹತ್ತಿರದ ಕುರುಡುಮಲೆಯ ಏಕಶಿಲಾ ಗಣಪನನ್ನು ನೋಡಲು ಮೊಮ್ಮಗ ಕತ್ತು ಪೂರ್ತಿ ಮೇಲೆತ್ತಬೇಕಾಯಿತು.

ನನಗೆ ತುಂಬ ಹಿಡಿಸಿದ್ದು ಆವಣಿ. ಲವ-ಕುಶರು ಹುಟ್ಟಿದ್ದು ಇಲ್ಲೇ ಎನ್ನುತ್ತಾರೆ ಊರವರು. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ನಾಲ್ವರ ಹೆಸರಿನ ಈಶ್ವರ ಗುಡಿಗಳೂ ಒಂದೇ ಆವರಣದಲ್ಲಿವೆ. ನೊಳಂಬರ ಕಾಲದಲ್ಲಿ ತ್ರಿಭುವನಕರ್ತಾರ ಎಂಬ ಗುರು 40 ವರ್ಷ ಈ ಸ್ಥಾನ ನೋಡಿಕೊಂಡು 961ರಲ್ಲಿ ತೀರಿಕೊಂಡರು. ಅವರು 50 ಗುಡಿ ಕಟ್ಟಿಸಿದರು, ಎರಡು ದೊಡ್ಡ ಕೆರೆ ಕಟ್ಟಿಸಿದರು ಎಂದು ಶಾಸನ ಹೇಳುತ್ತದೆ. ಗುಡಿಯ ಲೆಕ್ಕದ ಜತೆಗೇ ಕೆರೆಯ ಲೆಕ್ಕವನ್ನೂ ಕಲ್ಲಿನಲ್ಲಿ ಬರೆಸಿದ್ದಾರೆ ನೋಡಿ!

ಬಟ್ಟೆ ಒಗೆಯುವ ಕಲ್ಲು

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟು ಶ್ರೀನಿವಾಸಪುರ ಮಾಡಿದರಂತೆ. ಆ ದಾರಿಯ ಮಾವಿನ ತೋಪುಗಳ ನಡುವೆ, ಒಂದು ಹಳ್ಳಿಯ ಕೆರೆ ಏರಿಯ ಕೆಳಗೆ ಅಜ್ಜಿಯೊಬ್ಬರು ಬಟ್ಟೆ ಒಗೆಯುತ್ತಿದ್ದರು. ಆ ಕಲ್ಲಿನ ಅಂಚಿನಲ್ಲಿ ಹಸುವಿನ ಕೊಂಬು ಕಂಡಿತು. ಕೇಳಿ, ನೀರು ಹಾಕಿ ತೊಳೆದೆವು. ಅದು ವೀರಗಲ್ಲು!

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ತುರುಗಳಿಗಾಗಿ ಕಾದಾಡುವ ವೀರ. ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಮೊಮ್ಮಗ ಬೆರಳಿಟ್ಟು ವಿವರಿಸಿದಾಗ ಅಜ್ಜಿ ಕೇಳಿದರು, "ಹೆಸರೇನಂತಪ್ಪಾ ಅವನ್ದು?"

ಹೇಳಲಾಗಲಿಲ್ಲ. ಅಕ್ಷರಗಳು ಸವೆದುಹೋಗಿದ್ದವು. "ಇಂಥವು ಇನ್ನೂ ಎರಡಿದ್ವು ಕಣಪ್ಪಾ. ರಸ್ತೆ ಮಾಡುವಾಗ ಎಲ್ಲಿಗೆ ಹೋದ್ವೋ" ಎಂದರು ಅಜ್ಜಿ.

ಬಿ.ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟವಾಗಿ ತಂದರು. ಪುಸ್ತಕದಲ್ಲಿ ಸೇರಿದ ಮಾತು ಉಳಿಯಿತು. ಸೇರದ ಕಲ್ಲು ಒಡೆದರೆ, ಊರಿಗಾಗಿ ಜೀವ ಕೊಟ್ಟವನ ಹೆಸರೂ ಹೋಯಿತು. ದೊಡ್ಡ ಗುಡಿಗಳಿಗೆ ಕಾವಲುಗಾರರಿದ್ದಾರೆ. ಕೆರೆ ಏರಿಯ ಕಲ್ಲಿಗೆ ನೀವು, ನಾವೇ ಕಾವಲು.

ಮಾಸ್ತಿಯವರ ಮನೆ

ಕೊನೆಗೆ ಮಾಲೂರು ತಾಲ್ಲೂಕಿನ ಮಾಸ್ತಿ. 1891ರಲ್ಲಿ ಇದೇ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಚಿಕವೀರ ರಾಜೇಂದ್ರ'ಕ್ಕಾಗಿ ಜ್ಞಾನಪೀಠ ಪಡೆದರು. ಮಾಸ್ತಿ ಊರಿನಲ್ಲಿರುವ ಅವರ ಮನೆ ಈಗ ಗ್ರಂಥಾಲಯ. ಕತೆಗಾರರ ಮನೆಯಲ್ಲಿ ಮಕ್ಕಳು ಕೂತು ಓದಬಹುದು ಎಂದರೆ ಅದಕ್ಕಿಂತ ಒಳ್ಳೆಯ ಸ್ಮಾರಕ ಯಾವುದು?

ನೀವೂ ಹೀಗೆ ಮಾಡಿ

ಒಂದು ನೋಟ್ ಪುಸ್ತಕ, ನೀರಿನ ಬಾಟಲಿ, ಟೋಪಿ ತೆಗೆದುಕೊಳ್ಳಿ. ಮನೆಯ ತಾತನನ್ನೋ ಅಜ್ಜಿಯನ್ನೋ ಜತೆಗೆ ಕರೆದುಕೊಂಡು ಮೊದಲು ನಿಮ್ಮೂರಿನ ಕೆರೆ ಏರಿಗೇ ಹೋಗಿ. ಕೆತ್ತನೆಯ ಕಲ್ಲು ಕಂಡರೆ ಎಣ್ಣೆ, ಸುಣ್ಣ ಬಳಿಯಬೇಡಿ, ಅಕ್ಷರ ಕೊರೆಯಬೇಡಿ. ಫೋಟೊ ತೆಗೆದು, ಎಲ್ಲಿದೆ ಎಂದು ಬರೆದು, ಶಾಲೆಯ ಮೇಷ್ಟ್ರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಕೆರೆಯನ್ನು ಯಾರು ಕಟ್ಟಿಸಿದರು, ಯಾವ ವರ್ಷ ಕೋಡಿ ಬಿದ್ದಿತ್ತು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಾತಂದಿರೇ, ಅಜ್ಜಿಯರೇ, ಕೇಳುವವರೆಗೆ ಕಾಯಬೇಡಿ. ನೀವೇ ಹೇಳಲು ಶುರುಮಾಡಿ.